ನಮ್ಮೂರಿನ ವಿಡಿಯೊ ಮಾಡೋದು ಹೇಗೆ? ದಾವಣಗೆರೆ ಬೀದಿಯಿಂದ ಒಂದು ಕೈಪಿಡಿ

ಬೆಣ್ಣೆ ದೋಸೆ ಹೋಟೆಲಿನ ಒಲೆ ಮುಂದೆ ನಿಂತು ನಾನು ತೆಗೆದ ಮೊದಲ ವಿಡಿಯೊದಲ್ಲಿ ದೋಸೆಯೇ ಕಾಣುವುದಿಲ್ಲ. ಪರದೆ ತುಂಬ ಮಂಜು. ಕಾವಲಿಯ ಹಬೆ, ಜೊತೆಗೆ ಬೆಣ್ಣೆಯ ಜಿಡ್ಡು, ಎರಡೂ ಫೋನಿನ ಲೆನ್ಸಿಗೆ ಮೆತ್ತಿಕೊಂಡಿದ್ದವು. ಮನೆಗೆ ಬಂದು ನೋಡುವವರೆಗೂ ನನಗೆ ಗೊತ್ತೇ ಆಗಲಿಲ್ಲ. ಎರಡನೇ ಸಲ ಹೋದಾಗ ದೋಸೆ ಹಾಕುವ ಅಣ್ಣನೇ ಹೆಗಲ ಮೇಲಿನ ಟವೆಲ್ ಚಾಚಿ, "ಮೊದ್ಲು ಗಾಜು ಒರ್ಸ್ಕೊಳ್ರಿ ಸರ, ಆಮೇಲೆ ಶೂಟಿಂಗ್" ಅಂದರು. ದಿನಾ ನಾಲ್ಕು ಜನ ಬಂದು ತಮ್ಮ ಕಾವಲಿ ಮೇಲೆ ಫೋನ್ ಚಾಚುವುದನ್ನು ನೋಡಿದವರು ಅವರು. ಈ ವಿಷಯದಲ್ಲಿ ನನಗಿಂತ ಅನುಭವ ಜಾಸ್ತಿ.

ಕೈಯಲ್ಲಿ ಒಂದು ಫೋನ್ ಮಾತ್ರ ಇದೆ, ಊರಿನ ದಿನನಿತ್ಯದ ಬದುಕಿನ ಬಗ್ಗೆ ಜನ ಕೂತು ನೋಡುವಂಥ ವಿಡಿಯೊ ಮಾಡಬೇಕು ಅನ್ನುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಉದಾಹರಣೆಗಳೆಲ್ಲ ದಾವಣಗೆರೆಯವು. 2011ರ ಜನಗಣತಿಯಲ್ಲಿ ಸುಮಾರು 4.35 ಲಕ್ಷ ಜನರಿದ್ದ ಊರು ಇದು. ಹೆಸರಿಗೆ ಮಹಾನಗರ ಪಾಲಿಕೆ, ಆದರೆ ಪೇಟೆಗೆ ಹೋದರೆ ಮೂರು ಜನ ಪರಿಚಯದವರು ಸಿಗದೆ ವಾಪಸ್ ಬರುವುದು ಕಷ್ಟ. ಬೆಂಗಳೂರಿನಲ್ಲಿ ಯಾರನ್ನೋ ಶೂಟ್ ಮಾಡಿ ಮೆಟ್ರೊ ಹತ್ತಿದರೆ ಆ ಮನುಷ್ಯ ಮತ್ತೆ ಎದುರಾಗಲಿಕ್ಕಿಲ್ಲ. ಇಲ್ಲಿ ನಾಳೆ ಬೆಳಿಗ್ಗೆ ಅದೇ ಅಂಗಡಿಗೆ ಚಾ ಕುಡಿಯೋಕೆ ಹೋಗಬೇಕು. ಅಂಗಡಿಯವರ ಮಗಳು ನಿಮ್ಮ ತಂಗಿಯ ಕ್ಲಾಸಿನಲ್ಲೇ ಇರುತ್ತಾಳೆ. ಕೆಳಗಿನ ಹಂತಗಳನ್ನೆಲ್ಲ ಈ ಒಂದು ಮಾತನ್ನು ತಲೆಯಲ್ಲಿಟ್ಟುಕೊಂಡು ಓದಿ.

ಹಂತ 1: ಒಂದು ಜಾಗ, ಒಂದು ಹೊತ್ತು

ಗಾಜಿನ ಮನೆ, ಕುಂದವಾಡ ಕೆರೆ, ದುರ್ಗಾಂಬಿಕಾ ದೇವಸ್ಥಾನ, ಬೆಣ್ಣೆ ದೋಸೆ, ಎಲ್ಲವನ್ನೂ ಮೂರು ನಿಮಿಷಕ್ಕೆ ತುರುಕಿ 'ನಮ್ಮ ದಾವಣಗೆರೆ' ಅಂತ ಹೆಸರಿಟ್ಟ ವಿಡಿಯೊಗಳು ಬೇಕಾದಷ್ಟಿವೆ. ಹೊಸದಾಗಿ ಶುರು ಮಾಡುವವರೆಲ್ಲ ಅದನ್ನೇ ಮಾಡುತ್ತಾರೆ. ನಾನೂ ಮಾಡಿದ್ದೆ. ನೋಡಿದ ಚಿಕ್ಕಪ್ಪ "ಚೆನ್ನಾಗೈತಿ" ಅಂದು ಫೋನ್ ವಾಪಸ್ ಕೊಟ್ಟರು. ಅಷ್ಟೇ.

ಜಾಗ ಒಂದೇ ಇರಲಿ, ಹೊತ್ತು ಕೂಡ ಒಂದೇ ಇರಲಿ. ಕುಂದವಾಡ ಕೆರೆ ಏರಿ ಮೇಲೆ ಬೆಳಿಗ್ಗೆ ಆರು ಗಂಟೆ: ವಾಕಿಂಗ್‌ಗೆ ಬಂದು ಅರ್ಧ ಗಂಟೆ ಕೂತು ರಾಜಕೀಯ ಮಾತಾಡಿ ಮನೆಗೆ ಹೋಗುವ ಹಿರಿಯರು. ಸಂಜೆ ಐದರ ಮೇಲೆ ಯಾವುದಾದರೂ ಮಿರ್ಚಿ ಅಂಗಡಿ: ಒಗ್ಗರಣೆ ಮಂಡಕ್ಕಿ, ಪಕ್ಕದಲ್ಲಿ ಎರಡು ಮೆಣಸಿನಕಾಯಿ, "ಖಾರ ಇಲ್ಲದ್ದು ಕೊಡ್ರಿ" ಅನ್ನುವ ಹೊರಗಿನವರು, ಅದಕ್ಕೆ ನಗುವ ಅಂಗಡಿಯವರು. ಗಣಪತಿ ಹಬ್ಬಕ್ಕೆ ಹದಿನೈದು ದಿನ ಮುಂಚೆ ಪಟ್ಟಿ (ಚಂದಾ) ಎತ್ತಲು ಹೊರಟ ಓಣಿ ಹುಡುಗರು, ಅವರನ್ನು ನೋಡಿ ಬಾಗಿಲು ಹಾಕಿಕೊಳ್ಳುವ ಮನೆಗಳು. ಕಾಟನ್ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನಲ್ಲಿ, ಆ ಮಿಲ್ಲಿನಲ್ಲಿ ದುಡಿದ ಒಬ್ಬ ಅಜ್ಜ ಕಟ್ಟೆ ಮೇಲೆ ಕೂತು ತಮ್ಮ ಪಾಳಿಯ ಕಥೆ ಹೇಳುವುದು. ಇಷ್ಟು ಸಾಕು, ಒಂದು ವರ್ಷದ ಕೆಲಸ ಇದೆ.

ಯಾವುದನ್ನು ಆರಿಸುವುದು ಅಂತ ಗೊಂದಲವಾದರೆ ಒಂದು ಪರೀಕ್ಷೆ ಮಾಡಿ. ರಾತ್ರಿ ಊಟಕ್ಕೆ ಕೂತಾಗ "ಇವತ್ತು ಏನಾಯ್ತು ಗೊತ್ತಾ?" ಅಂತ ಶುರು ಮಾಡಿ ಮನೆಯವರಿಗೆ ಹೇಳಬಹುದಾದ್ದು ಏನಾದರೂ ಅಲ್ಲಿ ನಡೀತಾ? ನಡೆದರೆ ಅದು ವಿಡಿಯೊ. ಇಲ್ಲದಿದ್ದರೆ ಫೋಟೊ ಸಾಕು.

ಹಂತ 2: ಮೊದಲ ದಿನ ಫೋನ್ ಜೇಬಿನಲ್ಲೇ ಇರಲಿ

ಸುಮ್ನೆ ಹೋಗಿ. ಚಾ ಕುಡಿಯಿರಿ, ಮಿರ್ಚಿ ತಿನ್ನಿ, ಮಾತಾಡಿಸಿ. ಯಾವ ಹೊತ್ತಿಗೆ ಜನ ಜಾಸ್ತಿ, ಬೆಳಕು ಯಾವ ಕಡೆಯಿಂದ ಬರುತ್ತೆ, ಯಾವ ಗೋಡೆ ಹಿಂದೆ ಮಿಕ್ಸಿ ಓಡುತ್ತೆ, ಯಾರು ಮಾತುಗಾರರು, ಯಾರಿಗೆ ಕ್ಯಾಮೆರಾ ಅಂದ್ರೆ ಆಗಲ್ಲ, ಎಲ್ಲ ಗೊತ್ತಾಗುತ್ತೆ. ಎರಡನೇ ದಿನ ಕೇಳಿ. ಕೇಳುವಾಗ ಮೂರು ವಿಷಯ ಬಿಡಿಸಿ ಹೇಳಬೇಕು: ಏನು ಶೂಟ್ ಮಾಡ್ತೀರಿ, ಎಲ್ಲಿ ಹಾಕ್ತೀರಿ, ಮುಖ ಕಾಣುತ್ತಾ ಇಲ್ವಾ. ನಾನು ಹೇಳೋದು ಹೀಗೆ: "ಅಣ್ಣಾ, ನೀವು ಮಿರ್ಚಿ ಕರಿಯೋದನ್ನ ವಿಡಿಯೊ ಮಾಡಿ ಯೂಟ್ಯೂಬಿಗೆ ಹಾಕ್ಬೇಕು ಅಂತಿದೀನಿ. ನಿಮ್ಮ ಮುಖ ಬಂದ್ರೆ ನಡೆಯುತ್ತಾ? ಹಾಕೋಕ್ ಮುಂಚೆ ನಿಮಗೆ ತೋರಿಸ್ತೀನಿ." ಕೊನೆಯ ಮಾತು ಹೇಳಿದರೆ ಬಹಳ ಜನ ಒಪ್ಪುತ್ತಾರೆ. ಹೇಳಿದ ಮೇಲೆ ತೋರಿಸಲೇಬೇಕು, ಅದು ಬೇರೆ ಮಾತು.

ಮಾಲೀಕರು ಹೂಂ ಅಂದರು ಅಂತ ಕೆಲಸದವರೂ ಒಪ್ಪಿದ ಹಾಗಲ್ಲ. ಅವರನ್ನು ಬೇರೆ ಕೇಳಿ, ಮಾಲೀಕರು ಪಕ್ಕದಲ್ಲಿ ಇಲ್ಲದಾಗ ಕೇಳಿ. ಹೆಂಗಸರು ಕೆಲಸ ಮಾಡುತ್ತಿದ್ದರೆ ಅವರನ್ನೇ ಕೇಳಬೇಕು, ಗಂಡನನ್ನೋ ಮಗನನ್ನೋ ಅಲ್ಲ. ಒಪ್ಪಿದವರು ಕ್ಯಾಮೆರಾ ಮುಂದೆಯೇ "ಹೂಂ, ಹಾಕ್ರಿ" ಅಂದರೆ ಆ ತುಣುಕು ಇಟ್ಟುಕೊಳ್ಳಿ. ಕಾಗದ ಪತ್ರ ಅಂತ ಶುರು ಮಾಡಿದರೆ ಇದ್ದ ನಂಬಿಕೆಯೂ ಹೋಗುತ್ತೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಒಮ್ಮೆ ತರಕಾರಿ ಗಾಡಿ ಹತ್ತಿರ ಇಬ್ಬರು ಕೊತ್ತಂಬರಿ ಕಟ್ಟಿಗಾಗಿ ಜಗಳವಾಡುತ್ತಿದ್ದರು. ಮಜಾ ಇತ್ತು. ಸೊಂಟದ ಹತ್ತಿರ ಫೋನ್ ಹಿಡಿದು 40 ಸೆಕೆಂಡ್ ತೆಗೆದು ಹಾಕಿದೆ. ನನ್ನ ಯಾವ ವಿಡಿಯೊಕ್ಕೂ ಬರದಷ್ಟು ನೋಟ ಅದಕ್ಕೆ ಬಂತು. ನಾಲ್ಕನೇ ದಿನ ಆ ಗಾಡಿಯ ಅಕ್ಕ ನನ್ನನ್ನು ನೋಡಿ ಏನೂ ಅನ್ನಲಿಲ್ಲ. ಟೊಮೆಟೊ ತೂಗಿ ಕೊಟ್ಟರು, ದುಡ್ಡು ತಗೊಂಡರು, ಮುಖ ಆ ಕಡೆ ತಿರುಗಿಸಿದರು. ಪಕ್ಕದ ಗಾಡಿಯವರು ಆಮೇಲೆ ಹೇಳಿದರು: ಕಾಲೇಜು ಹುಡುಗರು ದಿನಾ ಬಂದು "ಅಕ್ಕಾ, ಕೊತ್ತಂಬರಿ" ಅಂತ ಅಣಕಿಸಿ ಹೋಗ್ತಾರಂತೆ. ವಿಡಿಯೊ ತೆಗೆದುಹಾಕಿದೆ. ಆದರೆ ಅಷ್ಟರಲ್ಲಿ ಅದು ವಾಟ್ಸ್ಆ್ಯಪ್ ಗ್ರೂಪುಗಳಿಗೆ ಹೋಗಿ ಆಗಿತ್ತು. ಅಲ್ಲಿಂದ ವಾಪಸ್ ತರೋದು ಹೇಗೆ?

ಹಂತ 3: ಫೋನನ್ನು ತಯಾರು ಮಾಡುವುದು

ದುಬಾರಿ ಫೋನ್ ಬೇಕಿಲ್ಲ. ಲೆನ್ಸ್ ಒರೆಸಲು ಹಳೆ ಹತ್ತಿ ಬಟ್ಟೆ ಒಂದು ಜೇಬಿನಲ್ಲಿರಲಿ. ಒಲೆ ಹತ್ತಿರ ಎರಡು ನಿಮಿಷಕ್ಕೊಮ್ಮೆ ಒರೆಸಿ. ಫೋನಿನಲ್ಲಿ ಕನಿಷ್ಠ ಹತ್ತು ಜಿಬಿ ಜಾಗ ಖಾಲಿ ಮಾಡಿಕೊಳ್ಳಿ. ಏರೋಪ್ಲೇನ್ ಮೋಡ್ ಹಾಕಿ, ಇಲ್ಲದಿದ್ದರೆ ಅಜ್ಜಿ ಕಣ್ಣೀರು ಹಾಕುವ ಹೊತ್ತಿಗೇ ಸಾಲ ಬೇಕಾ ಅಂತ ಯಾರಾದರೂ ಫೋನ್ ಮಾಡುತ್ತಾರೆ. ರೆಸಲ್ಯೂಶನ್ 1080ಪಿ ಸಾಕು. 4ಕೆ ತೆಗೆದರೆ ಫೈಲ್ ದೊಡ್ಡದಾಗುತ್ತೆ, ಎಡಿಟ್ ಮಾಡುವಾಗ ಫೋನ್ ಒದ್ದಾಡುತ್ತೆ.

ಒಂದು ಸೆಟ್ಟಿಂಗ್ ಮಾತ್ರ ಮರೆಯಬೇಡಿ. ಅಂಗಡಿಯ ಟ್ಯೂಬ್‌ಲೈಟ್, ಎಲ್‌ಇಡಿ ಬಲ್ಬುಗಳ ಕೆಳಗೆ ತೆಗೆದ ವಿಡಿಯೊದಲ್ಲಿ ಕಪ್ಪು ಪಟ್ಟಿಗಳು ಮೇಲಿಂದ ಕೆಳಗೆ ಹರಿದಾಡುವುದನ್ನು ನೋಡಿರುತ್ತೀರಿ. ಫೋನ್ ಕೆಟ್ಟಿದೆ ಅಂದುಕೊಳ್ಳಬೇಡಿ. ನಮ್ಮ ಕರೆಂಟು 50 ಹರ್ಟ್ಸ್. ಅದಕ್ಕೆ ಈ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣಲ್ಲ. ಫೋನ್ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಆ ಲೆಕ್ಕ ಈ ಲೆಕ್ಕಕ್ಕೆ ಕೂಡುವುದಿಲ್ಲ. ಕ್ಯಾಮೆರಾದಲ್ಲಿ ಪ್ರೊ ಮೋಡ್ (ಸೆಟ್ಟಿಂಗ್ ನಾವೇ ಬದಲಾಯಿಸುವ ಮೋಡ್) ಇದ್ದರೆ ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದು, 25 ಇಡಿ; ಶಟರ್, ಅಂದ್ರೆ ಒಂದೊಂದು ಚಿತ್ರಕ್ಕೆ ಬೆಳಕು ಬೀಳುವ ಹೊತ್ತು, ಸೆಕೆಂಡಿನ 1/50 ಇಡಿ. ಶಟರ್ ಮಾತ್ರ ಬದಲಾಯಿಸಲು ಬಂದರೆ 1/50 ಅಥವಾ 1/100 ಇಟ್ಟರೂ ಪಟ್ಟಿ ಹೋಗುತ್ತೆ. ಐಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಕ್ಯಾಮೆರಾ, ಅದರೊಳಗೆ ರೆಕಾರ್ಡ್ ವಿಡಿಯೊ, ಅಲ್ಲಿ 'ಶೋ ಪಾಲ್ ಫಾರ್ಮ್ಯಾಟ್ಸ್' ಆನ್ ಮಾಡಿದರೆ 25 ಸಿಗುತ್ತದೆ. ನಿಧಾನ ಚಲನೆಯ ವಿಡಿಯೊ ಬೇಕಿದ್ದರೆ ದೀಪದ ಕೆಳಗೆ ತೆಗೆಯಲೇಬೇಡಿ, ಬಿಸಿಲಿಗೆ ಬನ್ನಿ.

ಅಡ್ಡ ಹಿಡಿಯೋದಾ, ಉದ್ದ ಹಿಡಿಯೋದಾ? ಒಂದು ನಿಮಿಷದ ತಮಾಷೆ ಆದರೆ ಉದ್ದಕ್ಕೆ. ಒಬ್ಬರು ಕೂತು ಕಥೆ ಹೇಳುವುದಾದರೆ ಅಡ್ಡಕ್ಕೆ. ಎರಡನ್ನೂ ಒಂದೇ ವಿಡಿಯೊದಲ್ಲಿ ಬೆರೆಸಬೇಡಿ.

ಹಂತ 4: ಮಾತು ಕೇಳಬೇಕು

ಚಿತ್ರ ಸ್ವಲ್ಪ ಅಲುಗಿದರೆ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಹತ್ತೇ ಸೆಕೆಂಡಿಗೆ ಬೆರಳು ಮೇಲೆ ಸರಿಯುತ್ತೆ. ನಮ್ಮೂರಿನ ದೊಡ್ಡ ಸಮಸ್ಯೆ ಇದೇ. ಪಿ.ಬಿ. (ಪುಣೆ-ಬೆಂಗಳೂರು) ರಸ್ತೆ ಬದಿಯಲ್ಲಿ ನಿಂತು ಯಾರನ್ನಾದರೂ ಮಾತಾಡಿಸಿ ನೋಡಿ, ಅರ್ಧ ಬಸ್ಸಿನ ಹಾರ್ನ್, ಇನ್ನರ್ಧ ಆಟೊ.

ಕೈಯಲ್ಲಿರುವ ಇಯರ್‌ಫೋನ್ ವೈರಿನ ಮೈಕನ್ನು ಮಾತಾಡುವವರ ಅಂಗಿಯ ಎರಡನೇ ಗುಂಡಿ ಹತ್ತಿರ ಸಿಕ್ಕಿಸಿದರೂ ಅರ್ಧ ಸಮಸ್ಯೆ ಕಳೆಯುತ್ತೆ. ಅಂಗಿಗೆ ಸಿಕ್ಕಿಸುವ ಕಾಲರ್ ಮೈಕ್ ಕೊಂಡರೆ ಇನ್ನೂ ಒಳ್ಳೇದು. ನಾನು ಮೊದಲು ದುಡ್ಡು ಹಾಕಿದ್ದು ಅದಕ್ಕೇ, ಟ್ರೈಪಾಡಿಗೆ ಅಲ್ಲ. ಸೀರೆ ಉಟ್ಟವರಿಗೆ ಮೈಕ್ ಕೊಟ್ಟು "ಅಮ್ಮಾ, ಸೆರಗಿಗೆ ಇಲ್ಲಿ ಸಿಕ್ಕಿಸಿಕೊಳ್ಳಿ" ಅಂತ ನಿಮ್ಮ ಅಂಗಿ ಮೇಲೆ ತೋರಿಸಿ, ನೀವೇ ಸಿಕ್ಕಿಸಲು ಹೋಗಬೇಡಿ. ಬಳೆ ಸದ್ದು, ತಾಳಿ ಸರ ಮೈಕಿಗೆ ತಾಗುವ ಸದ್ದು ಬಂದರೆ ಮೈಕ್ ಸ್ವಲ್ಪ ಪಕ್ಕಕ್ಕೆ. ಕೆರೆ ಏರಿ ಮೇಲೆ ಗಾಳಿ ಜಾಸ್ತಿ, ಮೈಕಿಗೆ ಸ್ಪಂಜು ಬೇಕೇ ಬೇಕು. ಸ್ಪಂಜು ಇಲ್ಲದಿದ್ದರೆ ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿ.

ರೆಕಾರ್ಡ್ ಶುರುವಾಗಿ ಒಂದು ನಿಮಿಷಕ್ಕೆ ನಿಲ್ಲಿಸಿ ಕೇಳಿ ನೋಡಿ. ಈ ಒಂದು ನಿಮಿಷ ಉಳಿಸಲು ಹೋಗಿ ನಾನು ಒಬ್ಬ ಅಜ್ಜಿಯ 40 ನಿಮಿಷದ ಮಾತು ಕಳಕೊಂಡೆ. ತಮ್ಮ ಮದುವೆ ದಿಬ್ಬಣ ಚಕ್ಕಡಿಯಲ್ಲಿ ಹೊಳೆ ದಾಟಿದ ಕಥೆ ಹೇಳಿದ್ದರು, ಹಾಡೂ ಹೇಳಿದ್ದರು. ಮೈಕಿನ ವೈರು ಫೋನಿಗೆ ಪೂರ್ತಿ ಕೂತಿರಲಿಲ್ಲ. ಪಕ್ಕದ ಮನೆಯ ಮಿಕ್ಸಿ ಸದ್ದು ಮಾತ್ರ ಸ್ಪಷ್ಟವಾಗಿ ಬಂದಿತ್ತು. ಮತ್ತೆ ಹೋಗಿ ಕೇಳಿದೆ. "ಅವತ್ತೇ ಹೇಳಿದೆನಲ್ಲಪ್ಪ" ಅಂದರು. ಎರಡನೇ ಸಲದ ಕಥೆಯಲ್ಲಿ ಆ ರುಚಿ ಇರಲಿಲ್ಲ.

ಜಾಗದ ಸದ್ದನ್ನು ಬೇರೆಯಾಗಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ, ಯಾರೂ ಮಾತಾಡದೆ. ಕಾವಲಿಗೆ ನೀರು ಚಿಮುಕಿಸಿದಾಗಿನ ಚುಂಯ್, ಸೌಟು ಉಜ್ಜುವ ಸದ್ದು, ಕುಂದವಾಡ ಕೆರೆಯ ಹಕ್ಕಿಗಳು. ಎಡಿಟ್ ಮಾಡುವಾಗ ಇದು ಹಾಡಿಗಿಂತ ಚೆನ್ನಾಗಿ ಕೆಲಸಕ್ಕೆ ಬರುತ್ತೆ.

ಹಂತ 5: ಶೂಟ್ ಮಾಡುವುದು, ಮಂಡಕ್ಕಿ ಭಟ್ಟಿ ಸಾಕ್ಷಿಯಾಗಿ

ದಾವಣಗೆರೆ ಅಂದ ಕೂಡಲೇ ಎಲ್ಲರ ಫೋನೂ ದೋಸೆ ಕಡೆ ತಿರುಗುತ್ತೆ. ನನ್ನ ಕೇಳಿದರೆ ಭಟ್ಟಿಗೆ ಹೋಗಿ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಗಿರಣಿಯಲ್ಲಿ ಹೊಟ್ಟು ತೆಗೆಸಿ, ಉಪ್ಪು ನೀರು ಹಿಡಿಸಿ, ಕೊನೆಗೆ ಕಾದ ಮರಳಿನಲ್ಲಿ ಹುರಿದರೆ ಮಂಡಕ್ಕಿ. ಕೊನೆಯ ಹಂತ ಕೆಲವೇ ಸೆಕೆಂಡಿನದು. ಮರಳಿಗೆ ಅಕ್ಕಿ ಬೀಳುತ್ತೆ, ಕೈ ಆಡುತ್ತೆ, ಅಕ್ಕಿ ಅರಳುತ್ತೆ, ಜರಡಿಯಲ್ಲಿ ಮರಳು ಕೆಳಗೆ, ಮಂಡಕ್ಕಿ ಮೇಲೆ. ಹುರಿಯುವವರ ಹುಬ್ಬು, ರೆಪ್ಪೆ ಮೇಲೆಲ್ಲ ದೂಳು ಕೂತಿರುತ್ತೆ.

ಇಂಥ ಕಡೆ ಹೀಗೆ ತೆಗೆಯಿರಿ. ಮೊದಲು ದೂರದಿಂದ ಇಡೀ ಅಂಗಳ: ಭತ್ತ ಒಣ ಹಾಕಿರುವುದು, ಹೊಗೆ, ಚೀಲಗಳು. ನಂತರ ಬರೀ ಕೈ. ಆಮೇಲೆ ಮುಖ. ಆಮೇಲೆ ಬಹಳ ಹತ್ತಿರ ಹೋಗಿ ಒಂದೇ ಒಂದು ವಿವರ, ಅಕ್ಕಿ ಅರಳುವ ಕ್ಷಣ ಅಥವಾ ಆ ದೂಳು ಕೂತ ರೆಪ್ಪೆ. ಕೊನೆಗೆ ಕೆಲಸ ಮುಗಿಯುವುದು: ಚೀಲದ ಬಾಯಿ ಹೊಲಿಯುವುದು, ಟೆಂಪೊಗೆ ಏರಿಸುವುದು. ಪ್ರತಿ ತುಣುಕಿಗೂ ಮನಸ್ಸಿನಲ್ಲಿ ಒಂದರಿಂದ ಹತ್ತು ಎಣಿಸಿ, ಅಲ್ಲಿಯವರೆಗೆ ಫೋನ್ ಅಲುಗಿಸಬೇಡಿ. ಝೂಮ್ ಬೇಡ, ಕಾಲಿನಿಂದ ಹತ್ತಿರ ಹೋಗಿ. ಫೋನನ್ನು ಎಡಕ್ಕೆ ಬಲಕ್ಕೆ ತೂಗಾಡಿಸುವುದು ಬೇಡವೇ ಬೇಡ, ನೋಡುವವರಿಗೆ ತಲೆ ತಿರುಗುತ್ತೆ.

ಭಟ್ಟಿ ಬಿಸಿಗೆ ಫೋನು ಕಾದು ತಾನೇ ಕ್ಯಾಮೆರಾ ಬಂದ್ ಮಾಡಿಕೊಳ್ಳುತ್ತೆ. ಅರ್ಧ ನಿಮಿಷ ತೆಗೆದು ಹೊರಗೆ ನೆರಳಿಗೆ ಬನ್ನಿ. ಚಾರ್ಜಿಂಗ್ ತೂತಿಗೆ ಸಣ್ಣ ಪ್ಲಾಸ್ಟರ್ ತುಂಡು ಅಂಟಿಸಿದರೆ ಹೊಟ್ಟು, ಮರಳು ಒಳಗೆ ಹೋಗಲ್ಲ. ಇನ್ನೊಂದು ಮಾತು: ಅಲ್ಲಿ ಕೆಲಸ ಮಾಡುವವರಿಗೆ ಅದು ಲೆಕ್ಕದ ಕೆಲಸ, ಎಷ್ಟು ಚೀಲ ಅಷ್ಟು ದುಡ್ಡು. "ಇನ್ನೊಂದು ಸಲ ಮಾಡಿ ತೋರಿಸ್ರಿ" ಅಂತ ಅವರನ್ನು ನಿಲ್ಲಿಸಬೇಡಿ. ಅವರು ಮಾಡುತ್ತಲೇ ಇರುತ್ತಾರೆ, ನೀವು ಕಾದು ಮುಂದಿನ ಸಲಕ್ಕೆ ಹಿಡಿಯಿರಿ.

ಹಂತ 6: ನಗು ಎಲ್ಲಿಂದ ಬರುತ್ತೆ?

"ನಿಮಗೆ ಹೇಗನ್ನಿಸುತ್ತೆ?" ಅಂತ ಕೇಳಿದರೆ "ಚೆನ್ನಾಗಿದೆ ಸರ" ಅನ್ನುವ ಉತ್ತರವೇ ಬರೋದು. ಟಿವಿಯಲ್ಲಿ ನೋಡಿ ಕಲಿತ ಪ್ರಶ್ನೆ ಅದು. ಕೈಗೆ ಸಿಗುವಂಥದ್ದು ಕೇಳಿ. ಈ ಕೆಲಸಕ್ಕೆ ಬಂದ ಮೊದಲ ದಿನ ಏನಾಯ್ತು? ಅತಿ ಜಿಪುಣ ಗಿರಾಕಿ ಹೇಗಿರ್ತಾರೆ? ಭಟ್ಟಿಯಲ್ಲಿ ಒಬ್ಬರನ್ನು "ಮನೇಲಿ ಮಂಡಕ್ಕಿ ತಿಂತೀರಾ?" ಅಂತ ಕೇಳಿದೆ. ಅವರು ಕೈ ನಿಲ್ಲಿಸದೆ ಹೇಳಿದ್ದು: "ಮನಿಯಾಗಾ? ನಾ ಒಳಗ ಕಾಲಿಟ್ರೇ ಸಾಕು, ಮಂಡಕ್ಕಿ ಬಂತು ಅಂತಾರ." ಪಕ್ಕದವರೆಲ್ಲ ನಕ್ಕರು. ಆ ವಿಡಿಯೊದಲ್ಲಿ ಜನ ಇವತ್ತಿಗೂ ನೆನಪಿಡುವ ಮಾತು ಅದೊಂದೇ.

ಕೇಳಿದ ಮೇಲೆ ಸುಮ್ಮನಿರಿ. ಉತ್ತರ ಮುಗಿಯಿತು ಅನ್ನಿಸಿದರೂ ಮೂರು ಸೆಕೆಂಡ್ ಬಾಯಿ ಮುಚ್ಚಿಕೊಂಡಿದ್ದರೆ ಅವರೇ ಇನ್ನೊಂದು ಮಾತು ಸೇರಿಸುತ್ತಾರೆ. ಒಳ್ಳೆಯ ಮಾತು ಬರುವುದು ಅಲ್ಲೇ. ಹೂಂ ಹೂಂ ಅಂತ ನೀವು ಸದ್ದು ಮಾಡಬೇಡಿ, ತಲೆ ಆಡಿಸಿದರೆ ಸಾಕು.

ಕಂಪನಿ ನಾಟಕ ನೋಡಿ ನಕ್ಕು ಬೆಳೆದ ಊರು ಇದು, ರಂಗನಟಿ ಚಿಂದೋಡಿ ಲೀಲಾ ಅವರ ಊರು. ಕಂಪನಿಯ ಹಾಸ್ಯ ನಟರನ್ನು ಗಮನಿಸಿ ನೋಡಿದ್ದೀರಾ? ಮಾತು ಹೇಳಿ ನಿಲ್ಲುತ್ತಾರೆ. ಹಿಂದಿನ ಸಾಲಿನವರು ನಕ್ಕು ಮುಗಿಸುವವರೆಗೆ ಮುಂದಿನ ಮಾತಿಲ್ಲ, ಅಲ್ಲಿಯವರೆಗೆ ಟವೆಲ್ ಕೊಡವುತ್ತಲೋ ಮೀಸೆ ಸರಿಮಾಡುತ್ತಲೋ ಇರುತ್ತಾರೆ. ವಿಡಿಯೊದಲ್ಲೂ ನಗೆಮಾತು ಬಂದ ಕೂಡಲೇ ಕತ್ತರಿಸಬೇಡಿ. ಒಂದೂವರೆ ಸೆಕೆಂಡ್ ಮುಖ ಹಾಗೇ ಬಿಡಿ. ಹೇಳಿದವರು ತಾವೇ ನಗು ತಡೆಯುವುದು ಕಾಣುತ್ತಲ್ಲ, ಅದಕ್ಕೆ ಜನ ನಗೋದು.

ಪ್ರಾಂಕ್ ಬೇಡ. ದಾರಿಯಲ್ಲಿ ಹೋಗುವವರನ್ನು ಬೆಚ್ಚಿಬೀಳಿಸಿ, ಅವಮಾನ ಮಾಡಿ, ಕೊನೆಗೆ "ಅಲ್ಲಿ ನೋಡಿ ಕ್ಯಾಮೆರಾ" ಅನ್ನೋದು ದೊಡ್ಡ ಊರಿನವರ ಚಟ. ಇಲ್ಲಿ ಮಾಡಿದರೆ ಏಟು ಬೀಳಬಹುದು, ಬಿದ್ದರೆ ನಾನಂತೂ ಬಿಡಿಸೋಕೆ ಬರಲ್ಲ. ನಾಟಕದ ಥರ ಏನಾದರೂ ಮಾಡಬೇಕು ಅನ್ನಿಸಿದರೆ ನಿಮ್ಮ ಗೆಳೆಯರನ್ನೇ ಹಾಕಿಕೊಂಡು ಸಣ್ಣದು ಬರೆಯಿರಿ: ಡಯಟ್ ಶುರು ಮಾಡಿದವನು ಮಿರ್ಚಿ ಅಂಗಡಿ ಮುಂದೆ ಹಾದು ಮನೆಗೆ ಹೋಗಬೇಕು, ಬೇರೆ ದಾರಿಯಿಲ್ಲ. ಇಬ್ಬರು, ಒಂದೇ ಜಾಗ, ಒಂದು ನಿಮಿಷ. ನಗು ನಿಮ್ಮ ಮೇಲೇ ಇರಲಿ.

ಹಂತ 7: ಕತ್ತರಿಸುವುದು

ಫೋನಿನಲ್ಲೇ ಎಡಿಟ್ ಮಾಡುವುದಾದರೆ ಕೈನ್‌ಮಾಸ್ಟರ್‌ನಂಥ ಆ್ಯಪ್ ಸಾಕು. ಬಿಟ್ಟಿ ಆವೃತ್ತಿಯಲ್ಲಿ ಅದರ ಗುರುತು ಮೂಲೆಯಲ್ಲಿ ಬರುತ್ತೆ, ಪರವಾಗಿಲ್ಲ. ಒಳ್ಳೆ ಕಂಪ್ಯೂಟರ್ ಇದ್ದವರಿಗೆ ಡಾವಿಂಚಿ ರಿಸಾಲ್ವ್ ಬಿಟ್ಟಿಯಾಗಿ ಸಿಗುತ್ತೆ.

ತೆಗೆದದ್ದನ್ನೆಲ್ಲ ಒಂದು ಸಲ ಕೂತು ನೋಡಿ. ಯಾವ ಮಾತಿಗೆ ನಿಮಗೇ ನಗು ಬಂತೋ ಆ ಸಮಯ ಪುಸ್ತಕದಲ್ಲಿ ಬರೆದುಕೊಳ್ಳಿ. ಅಂಥವು ಮೂರು ಸಿಕ್ಕರೆ ವಿಡಿಯೊ ಆಯಿತು. ಅದರಲ್ಲಿ ಎರಡನೇ ಒಳ್ಳೆಯದನ್ನು ಮೊದಲಿಗೆ ಹಾಕಿ, ಅತಿ ಒಳ್ಳೆಯದನ್ನು ಕೊನೆಗೆ. "ನಮಸ್ಕಾರ ಸ್ನೇಹಿತರೇ, ನಮ್ಮ ಚಾನೆಲ್‌ಗೆ ಸ್ವಾಗತ" ಅಂತ ಅರ್ಧ ನಿಮಿಷ ಕೊರೆಯಬೇಡಿ. ನಿಮ್ಮ ಚಾನೆಲ್‌ಗೆ ಬಂದವರಿಗೆ ಅದು ನಿಮ್ಮ ಚಾನೆಲ್ ಅಂತ ಗೊತ್ತಿರುತ್ತೆ. ಯೂಟ್ಯೂಬಿನ ಶಾರ್ಟ್ಸ್ 2024ರ ಅಕ್ಟೋಬರ್‌ನಿಂದ ಮೂರು ನಿಮಿಷದವರೆಗೆ ಇರಬಹುದು. ಇರಬಹುದು ಅಂತ ಎಳೆಯಬೇಡಿ.

ಕೆಳಗೆ ಕನ್ನಡದಲ್ಲಿ ಅಕ್ಷರ ಹಾಕಿ. ಬಸ್ಸಿನಲ್ಲಿ, ಮಗು ಮಲಗಿದ ಮನೆಯಲ್ಲಿ ಜನ ಸದ್ದಿಲ್ಲದೆ ನೋಡುತ್ತಾರೆ. ತಾನಾಗಿ ಬರುವ ಅಕ್ಷರಗಳನ್ನು ನಂಬಬೇಡಿ, ಮಾತು ಸ್ವಲ್ಪ ಹಳ್ಳಿ ಕಡೆ ವಾಲಿದರೆ ಎಡವಟ್ಟು ಮಾಡುತ್ತವೆ. ಕೂತು ನೀವೇ ಟೈಪ್ ಮಾಡಿ. ಆಡಿದ ಮಾತನ್ನು ಹಾಗೇ ಬರೆಯಿರಿ. ಅವರು "ಸಾಕಾಗೈತಿ" ಅಂದದ್ದನ್ನು "ಸಾಕಾಗಿದೆ" ಅಂತ ತಿದ್ದಿದರೆ ಆ ಮನುಷ್ಯನೇ ಬದಲಾಗುತ್ತಾರೆ. ಅವರ ಭಾಷೆಯನ್ನು ಅಣಕಿಸುವ ಥರ ಬಣ್ಣ ಬಣ್ಣದ ದೊಡ್ಡ ಅಕ್ಷರ, ಟೊಯ್ಂ ಅನ್ನುವ ಸದ್ದು ಸೇರಿಸುವವರೂ ಇದ್ದಾರೆ. ನನಗೆ ಅದು ಕಂಡರೆ ಆಗಲ್ಲ.

ಹಂತ 8: ಹಾಡಿನ ತಕರಾರು

ಸಿನಿಮಾ ಹಾಡು ಹಾಕಬೇಡಿ. ಯೂಟ್ಯೂಬಿನ ಕಂಟೆಂಟ್ ಐಡಿ ವ್ಯವಸ್ಥೆ ಹಾಡಿನ ಕೆಲವೇ ಸೆಕೆಂಡಿನಿಂದಲೂ ಗುರುತು ಹಿಡಿಯುತ್ತೆ. ಸಾಮಾನ್ಯವಾಗಿ ಕ್ಲೇಮ್ ಬರುತ್ತೆ, ಅಂದ್ರೆ ಆ ವಿಡಿಯೊದ ಜಾಹೀರಾತು ದುಡ್ಡು ಹಾಡಿನವರಿಗೆ ಹೋಗುತ್ತೆ ಅಥವಾ ವಿಡಿಯೊ ಕಾಣದಂತಾಗುತ್ತೆ. ಸ್ಟ್ರೈಕ್ ಅನ್ನೋದು ಬೇರೆ, ಹಕ್ಕುದಾರರ ದೂರಿನ ಮೇಲೆ ಯೂಟ್ಯೂಬ್ ಚಾನೆಲ್ಲಿಗೆ ಹಾಕುವ ದಂಡದ ಗುರುತು. ಅದು ಗಂಭೀರ. 90 ದಿನದೊಳಗೆ ಮೂರು ಕಾಪಿರೈಟ್ ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗಬಹುದು.

ನೀವು ಹಾಕದಿದ್ದರೂ ಹಾಡು ತಾನಾಗಿ ನುಗ್ಗುತ್ತೆ. ಎರಡು ವರ್ಷಕ್ಕೊಮ್ಮೆ ನಡೆಯುವ ದುರ್ಗಾಂಬಿಕಾ ಜಾತ್ರೆಯಲ್ಲಿ, ಗಣಪತಿ ಪೆಂಡಾಲಿನಲ್ಲಿ, ಮದುವೆ ಮಂಟಪದಲ್ಲಿ ಸ್ಪೀಕರ್ ನಿಲ್ಲುವುದಿಲ್ಲ. ಅಂಥ ಕಡೆ ಮಾತಾಡಿಸಬೇಕಾದವರನ್ನು ಸ್ಪೀಕರಿನಿಂದ ದೂರ, ಹಿಂದಿನ ಓಣಿಗೆ ಕರೆದುಕೊಂಡು ಹೋಗಿ. ಆಗಲೇ ಅಪ್‌ಲೋಡ್ ಮಾಡಿ ಸಿಕ್ಕಿಬಿದ್ದಿದ್ದರೆ ಯೂಟ್ಯೂಬ್ ಸ್ಟುಡಿಯೊದಲ್ಲೇ ಆ ಭಾಗದ ಸದ್ದು ತೆಗೆಯುವ ಅವಕಾಶ ಇದೆ. ಸಂಗೀತ ಬೇಕೇ ಬೇಕು ಅಂದ್ರೆ ಅಲ್ಲಿನ ಆಡಿಯೊ ಲೈಬ್ರರಿಯಲ್ಲಿ ಬಿಟ್ಟಿ ಸಿಗುತ್ತೆ. ಡೊಳ್ಳಿನವರು, ಭಜನೆ ಮಂಡಳಿಯವರು ನಿಮ್ಮ ಓಣಿಯಲ್ಲೇ ಇದ್ದರೆ ಅವರನ್ನು ಕೇಳಿ ರೆಕಾರ್ಡ್ ಮಾಡಿ. ಅವರ ಹೆಸರು ಹಾಕಿ, ಕೈಲಾದಷ್ಟು ಕೊಡಿ.

ಹಂತ 9: ಮುಟ್ಟಬಾರದವು

ರೈಲ್ವೆ ಗೇಟು ನಮ್ಮೂರಿನ ದೊಡ್ಡ ಕಾಮಿಡಿ. ಅಶೋಕ ಟಾಕೀಸ್ ಹತ್ತಿರದ ಗೇಟಿನಲ್ಲಿ ಬೈದುಕೊಂಡು ಕಾದ ನೆನಪಿಲ್ಲದ ದಾವಣಗೆರೆಯವರು ಕಡಿಮೆ. ಆದರೆ ಗೇಟಿನ ಈಚೆ ನಿಂತ ಜನರನ್ನಷ್ಟೇ ತೆಗೆಯಿರಿ. ಹಳಿ ಮೇಲೆ ಹೋಗೋದು ರೈಲ್ವೆ ಕಾಯ್ದೆ 1989ರ ಸೆಕ್ಷನ್ 147ರಲ್ಲಿ ಅಪರಾಧ, ಅದಕ್ಕಿಂತ ಮೊದಲು ಜೀವಕ್ಕೆ ಅಪಾಯ. ಮಕ್ಕಳ ಮುಖ ತಂದೆ ತಾಯಿ ಒಪ್ಪದೆ ಬೇಡ, ಶಾಲೆ ಹೆಸರಿರುವ ಯೂನಿಫಾರ್ಮ್ ಒಪ್ಪಿದರೂ ಬೇಡ. ಆಸ್ಪತ್ರೆ ವಾರ್ಡು, ಸಾವಿನ ಮನೆ, ಅಪಘಾತ, ಇವು ನಮ್ಮ ಕೆಲಸ ಅಲ್ಲ. ಡ್ರೋನ್ ಇದ್ದರೆ 2021ರ ಡ್ರೋನ್ ನಿಯಮ ಓದಿ, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಎಲ್ಲಿ ಹಾರಿಸಬಹುದು, ಎಲ್ಲಿ ಬಾರದು ಅನ್ನುವ ವಲಯ ನೋಡಿ. ಜಾತ್ರೆ ಜನರ ತಲೆ ಮೇಲೆ ಮಾತ್ರ ಹಾರಿಸಬೇಡಿ.

ಹಂತ 10: ಹಾಕುವುದು, ದುಡ್ಡು

ಶೀರ್ಷಿಕೆಯಲ್ಲಿ ಊರಿನ ಹೆಸರು, ಜಾಗದ ಹೆಸರು ಇರಲಿ. 'ಶಾಕಿಂಗ್' ಬೇಡ. ದಾವಣಗೆರೆ ಬಿಟ್ಟು ಬೆಂಗಳೂರು, ದುಬೈ ಸೇರಿದವರು ರಾತ್ರಿ ಊಟದ ಹೊತ್ತಿಗೆ ಊರಿನ ಹೆಸರು ಹಾಕಿ ಹುಡುಕುತ್ತಾರೆ. ನನಗೆ ಬರುವ ಉದ್ದುದ್ದ ಕಮೆಂಟುಗಳೆಲ್ಲ ಅವರದೇ.

ದುಡ್ಡಿನ ಲೆಕ್ಕ ಹೀಗಿದೆ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು ಬೇಕು. ಜೊತೆಗೆ 12 ತಿಂಗಳಲ್ಲಿ 4,000 ಗಂಟೆ ನೋಟ, ಇಲ್ಲವೇ 90 ದಿನದಲ್ಲಿ ಶಾರ್ಟ್ಸ್‌ಗೆ ಒಂದು ಕೋಟಿ ನೋಟ. 4,000 ಗಂಟೆ ಅಂದರೆ ಐದು ನಿಮಿಷದ ವಿಡಿಯೊವನ್ನು ಕೊನೆತನಕ 48,000 ಸಲ ನೋಡಬೇಕು. ಶಾರ್ಟ್ಸ್ ಫೀಡಿನಲ್ಲಿ ನೋಡಿದ್ದು ಈ ಗಂಟೆಗಳಿಗೆ ಸೇರುವುದಿಲ್ಲ. ಹಾಗಾಗಿ ಇದ್ದ ಕೆಲಸ ಬಿಟ್ಟು ಬರಬೇಡಿ. ಅಂಗಡಿಯವರು ದುಡ್ಡು ಕೊಟ್ಟು ಮಾಡಿಸಿದ ವಿಡಿಯೊ ಆದರೆ ಅದನ್ನು ವಿಡಿಯೊದಲ್ಲೇ ಹೇಳಿ. ಬಿಟ್ಟಿ ದೋಸೆ ತಿಂದು "ಇಂಥ ರುಚಿ ಎಲ್ಲೂ ಇಲ್ಲ" ಅಂದರೆ ಪಕ್ಕದ ಹೋಟೆಲಿನವರು ಮೊದಲು ಕಂಡುಹಿಡಿಯುತ್ತಾರೆ, ಆಮೇಲೆ ಊರೇ.

ಹಂತ 11: ತೋರಿಸಿ, ಕೊಟ್ಟು ಬನ್ನಿ

ಹಾಕುವ ಮುಂಚೆ ಫೋನ್ ತಗೊಂಡು ಅವರ ಹತ್ತಿರ ಹೋಗಿ. ಗಿರಾಕಿ ಇಲ್ಲದ ಹೊತ್ತು ನೋಡಿ ಹೋಗಿ, ಪೂರ್ತಿ ತೋರಿಸಿ. ವಿಡಿಯೊ ನೋಡಬೇಡಿ, ಅವರ ಮುಖ ನೋಡಿ. ಎಲ್ಲಿ ಮುಖ ಸಣ್ಣದಾಯಿತೋ ಆ ಮಾತು ತೆಗೆಯಿರಿ, ಅವರು ಬಾಯಿ ಬಿಟ್ಟು ಹೇಳುವವರೆಗೆ ಕಾಯಬೇಡಿ. ಒಮ್ಮೆ ಒಬ್ಬರು ಸಾಲದ ವಿಷಯ ಮಾತಿನ ಭರದಲ್ಲಿ ಹೇಳಿಬಿಟ್ಟಿದ್ದರು. ಒಳ್ಳೆ ತುಣುಕು, ತೆಗೆದೆ.

ಪೂರ್ತಿ ವಿಡಿಯೊದ ಒಂದು ಪ್ರತಿ ಅವರಿಗೆ ಕೊಡಿ. ವಾಟ್ಸ್ಆ್ಯಪಿನಲ್ಲಿ ಮಾಮೂಲಿ ವಿಡಿಯೊ ಥರ ಕಳಿಸಿದರೆ ಗುಣಮಟ್ಟ ಇಳಿದು ಮಸುಕಾಗುತ್ತೆ. ಡಾಕ್ಯುಮೆಂಟ್ ಅಂತ ಆರಿಸಿ ಕಳಿಸಿ, 2 ಜಿಬಿವರೆಗೆ ಹಾಗೇ ಹೋಗುತ್ತೆ. ನಿಮ್ಮ ಹತ್ತಿರವೂ ಮೂಲ ಫೈಲುಗಳು ಹಾರ್ಡ್ ಡಿಸ್ಕಿನಲ್ಲಿರಲಿ, ತಾರೀಕು ಮತ್ತು ಜಾಗದ ಹೆಸರು ಹಾಕಿ. 2020ರ ಜೂನ್ 29ರಂದು ಟಿಕ್‌ಟಾಕ್ ಬಂದ್ ಆದಾಗ, ವಿಡಿಯೊ ಅಲ್ಲಿ ಮಾತ್ರ ಇಟ್ಟವರ ಎಷ್ಟೋ ಕೆಲಸ ಕೈತಪ್ಪಿತು.

ಚಕ್ಕಡಿ ಕಥೆ ಹೇಳಿದ ಅಜ್ಜಿ ಹೋದ ವರ್ಷ ತೀರಿಕೊಂಡರು. ಬೆಂಗಳೂರಿನಲ್ಲಿರುವ ಮಗ ಫೋನ್ ಮಾಡಿ, ಯೂಟ್ಯೂಬಿನಲ್ಲಿ ಇಲ್ಲದ್ದು ಏನಾದರೂ ಇದೆಯಾ ಅಂತ ಕೇಳಿದರು. ಎರಡನೇ ಸಲ ರೆಕಾರ್ಡ್ ಮಾಡಿದ್ದರಲ್ಲಿ ನಾನು ಕತ್ತರಿಸಿದ ಹನ್ನೊಂದು ನಿಮಿಷ ಡಿಸ್ಕಿನಲ್ಲಿತ್ತು. ಅದರಲ್ಲಿ ಅಜ್ಜಿ ಹೆಚ್ಚೇನೂ ಮಾತಾಡಿಲ್ಲ. ಅವರೆಕಾಯಿ ಸುಲಿಯುತ್ತಾ "ಮೈಕು ಸರಿ ಐತೇನಪ್ಪ ಈ ಸಲ?" ಅಂತ ಎರಡು ಸಲ ಕೇಳಿದ್ದಾರೆ. ಡಾಕ್ಯುಮೆಂಟ್ ಮಾಡಿ ಕಳಿಸಿದೆ.